ಬೆಚ್ಚನೆಯ ಗೋಡೆ

ನಮ್ಮ ಊರಿನಲ್ಲಿ ರಾತ್ರಿ ನಿದ್ದೆ ಬಾರದೆ ಹೊರಳಾಡುವವರು ಯಾವ ಗೋಡೆಯ ಪಕ್ಕ ಮಲಗಿರುತ್ತಾರೋ ಆ ಗೋಡೆ ಹೊರಗಡೆ ಬೆಚ್ಚಗಾಗುತ್ತದೆ. ಮೊದಲಿನಿಂದಲೂ ಹೀಗೇ. ಮಣ್ಣಿನ ಗೋಡೆಯಾದರೂ ಅಷ್ಟೆ, ಸಿಮೆಂಟಿನದಾದರೂ ಅಷ್ಟೆ. ಕೆರೆಯಾಚೆ ಹೊಸದಾಗಿ ಮನೆ ಕಟ್ಟಿದವರೊಬ್ಬರು ಹೊರಗೋಡೆಗೆಲ್ಲ ಗ್ರಾನೈಟ್ ಹಾಕಿಸಿದರು. ಅವರ ಮಗಳ ಪರೀಕ್ಷೆಯ ಫಲಿತಾಂಶ ಬರುವ ದಿನ ಬೆಳಿಗ್ಗೆ ಆ ಗ್ರಾನೈಟೂ ದೋಸೆಕಲ್ಲಿನ ಹಾಗೆ ಕಾದಿತ್ತು. ಬಿಸಿಲೇರಿ ಊರಿನ ಗೋಡೆಗಳೆಲ್ಲ ಒಂದೇ ಸಮ ಆಗುವವರೆಗೆ ಆ ಕಾವು ಉಳಿಯುತ್ತದೆ. ಅಷ್ಟರೊಳಗೆ ಹಾಲು ತರಲು, ನೀರು ಹಿಡಿಯಲು ಓಡಾಡುವ ಜನಕ್ಕೆ ಯಾರ ಮನೆಯಲ್ಲಿ ಯಾರು ಎಚ್ಚರವಿದ್ದರು ಅನ್ನುವುದು ಗೊತ್ತಾಗಿಬಿಟ್ಟಿರುತ್ತದೆ.

ಇದಕ್ಕೆ ತಕ್ಕ ಹಾಗೆ ಬದುಕುವುದನ್ನು ನಾವು ಕಲಿತಿದ್ದೇವೆ. ಬೇರೆಯವರ ಗೋಡೆಗೆ ಅಂಗೈ ಇಡುವುದಿಲ್ಲ, ಮುಂಗೈ ತಾಗಿಸಿ ಮುಂದೆ ಹೋಗುತ್ತೇವೆ. ಬೆಚ್ಚಗಿದ್ದರೆ ಯಾಕೆ ಅಂತ ಕೇಳುವುದಿಲ್ಲ. ಎರಡು ಮೂರು ದಿನ ಹಾಗೇ ಇದ್ದರೆ ಅಕ್ಕಪಕ್ಕದವರು ಒಂದು ಬಟ್ಟಲು ಪಲ್ಯ ಕೊಡುವ ನೆಪದಲ್ಲಿ ಬಂದು ಸ್ವಲ್ಪ ಹೊತ್ತು ಕೂತು ಹೋಗುತ್ತಾರೆ. ಬಾಣಂತಿ ಇರುವ ಮನೆಯ ಗೋಡೆಗೆ ಬೀದಿನಾಯಿಗಳು ಬೆನ್ನು ಹಚ್ಚಿ ಮಲಗುತ್ತವೆ. ಹೊಸದಾಗಿ ಮದುವೆಯಾದವರ ಗೋಡೆಯನ್ನು ಮಾತ್ರ ಹರೆಯದವರು ಬೇಕೆಂದೇ ಮುಟ್ಟಿ, ಸುಟ್ಟವರ ಹಾಗೆ ಕೈ ಒದರಿ ನಗುತ್ತಾರೆ. ಮಳೆ ಹಿಡಿದ ದಿನಗಳಲ್ಲಿ ಬೆಚ್ಚಗಿನ ಗೋಡೆ ಹುಡುಕಿಕೊಂಡು ಹೋಗಿ ಒದ್ದೆ ಬಟ್ಟೆ ಆನಿಸಿ ಬರುವವರೂ ಇದ್ದಾರೆ.

ಒಂದು ವಿಷಯದಲ್ಲಿ ಮಾತ್ರ ಊರು ಕಟ್ಟುನಿಟ್ಟು. ಬಸ್ಸು ಓಡಿಸುವವನ ಗೋಡೆ ತಣ್ಣಗಿರಬೇಕು. ನಮ್ಮಲ್ಲಿರುವುದು ಒಂದೇ ಬಸ್ಸು, ಪರಮೇಶಪ್ಪನವರದು. ಕೆರೆ ಏರಿಯ ಮೇಲೆ ಹಾದು, ಗುಡ್ಡದ ತಿರುವುಗಳನ್ನು ಇಳಿದು, ಪೇಟೆಗೆ ಹೋಗಿ ಬರುತ್ತದೆ. ಬೆಳಿಗ್ಗೆ ಪರಮೇಶಪ್ಪನವರೇ ಡ್ರೈವರನ ಮನೆಗೆ ಹೋಗಿ ಗೋಡೆ ಮುಟ್ಟಿ ನೋಡುತ್ತಾರೆ. ತಣ್ಣಗಿದ್ದರೆ ಕೀಲಿ ಕೊಡುತ್ತಾರೆ. ಬೆಚ್ಚಗಿದ್ದರೆ ಆ ದಿನ ಬದಲಿಯವನು ಓಡಿಸಬೇಕು.

ಆ ಡ್ರೈವರು ನಾನು. ಹೆಸರು ಚೆಲುವರಾಜು. ನನಗಿಂತ ಮುಂಚೆ ಇದ್ದವರೆಲ್ಲ ಹಲ್ಲುನೋವು, ಮಗಳ ಮದುವೆ, ಅಣ್ಣತಮ್ಮಂದಿರ ಜಗಳ ಅಂತ ಆಗಾಗ ಗೋಡೆ ಬೆಚ್ಚಗೆ ಮಾಡಿಕೊಂಡವರೇ. ನನ್ನ ಗೋಡೆ ಬಾವಿಯ ಕಲ್ಲಿನ ಹಾಗಿರುತ್ತಿತ್ತು. ಪರಮೇಶಪ್ಪನವರು ಸ್ಕೂಟರಿನಿಂದ ಇಳಿಯದೆಯೇ ಕೈ ಚಾಚಿ ಮುಟ್ಟಿ, "ಮಂಜುಗಡ್ಡೆ ಕಣಯ್ಯ ನೀನು" ಅಂತ ಕಿಟಕಿಯಿಂದಲೇ ಕೀಲಿ ಕೊಟ್ಟು ಹೋಗುತ್ತಿದ್ದರು. ಮಕ್ಕಳನ್ನು ಪೇಟೆಯ ಶಾಲೆಗೆ ಕಳಿಸುವ ತಾಯಂದಿರು ನನ್ನ ಹೆಸರು ಹೇಳಿ ಧೈರ್ಯ ತಂದುಕೊಳ್ಳುತ್ತಿದ್ದರು.

ನನ್ನ ನಿದ್ದೆಗೆ ಕಾರಣ ಬ್ರಾಂದಿ. ಸಂಜೆ ಬಸ್ಸನ್ನು ಶೆಡ್ಡಿಗೆ ಬಿಟ್ಟು ಮನೆಗೆ ಬಂದು, ಸ್ನಾನ ಮಾಡಿ, ಮುಂದಿನ ಕೋಣೆಯಲ್ಲಿ ಒಬ್ಬನೇ ಕೂತು ಕುಡಿಯುತ್ತಿದ್ದೆ. ಬೀದಿಯಲ್ಲಿ ಗಲಾಟೆ ಇಲ್ಲ, ಮನೆಯಲ್ಲಿ ಕೂಗಾಟ ಇಲ್ಲ. ಕುಡಿದು, ಉಂಡು, ಬೀದಿಗೋಡೆಯ ಪಕ್ಕದ ಮಂಚದ ಮೇಲೆ ಬಿದ್ದರೆ ಬೆಳಗಾಗುತ್ತಿತ್ತು. ಅದು ನಿದ್ದೆಯೋ ಮೂರ್ಛೆಯೋ ಅನ್ನುವ ವ್ಯತ್ಯಾಸ ಗೋಡೆಗೆ ತಿಳಿಯುವುದಿಲ್ಲ. ನನಗೂ ತಿಳಿದಿರಲಿಲ್ಲ. ನನ್ನ ಹೆಂಡತಿ ಪಂಕಜ ಎಷ್ಟೋ ವರ್ಷಗಳಿಂದ ಹಿಂದುಗಡೆ, ಅಡುಗೆಮನೆಗೆ ಅಂಟಿಕೊಂಡ ಸಣ್ಣ ಕೋಣೆಯಲ್ಲಿ ಮಲಗುತ್ತಿದ್ದಳು.

ಒಂದು ಬೇಸಿಗೆಯಲ್ಲಿ ನನ್ನ ಕಣ್ಣು ಹಳದಿಯಾಯಿತು. ಹೊಟ್ಟೆ ಉಬ್ಬಿತು. ಊಟದ ವಾಸನೆ ಬಂದರೆ ವಾಂತಿಯಾಗುತ್ತಿತ್ತು. ಪಂಕಜ ನನ್ನನ್ನು ಪೇಟೆಯ ಆಸ್ಪತ್ರೆಗೆ ಸೇರಿಸಿದಳು. ಅಲ್ಲಿ ಕುಡಿತ ನಿಂತ ಮೇಲೆ ಮೈ ನಡುಗಿದ್ದು, ಹಾಸಿಗೆಯ ಮೇಲೆಲ್ಲ ಇರುವೆ ಹರಿದಂತೆ ಕಂಡು ನಾನು ಕೂಗಾಡಿದ್ದು, ಡ್ರಿಪ್ಪು, ಇಂಜೆಕ್ಷನ್ನು, ಎಲ್ಲ ಆಯಿತು. ಹೊರಡುವ ದಿನ ಡಾಕ್ಟರಮ್ಮ ಹೇಳಿದರು: "ಲಿವರ್ ಇನ್ನೂ ಉಳಿದಿದೆ. ಉಳಿಸ್ಕೊಳ್ಳೋದು ನಿಮಗೆ ಬಿಟ್ಟಿದ್ದು. ನಿದ್ದೆ ಮಾತ್ರ ಕೆಲವು ತಿಂಗಳು ಕಾಡಬಹುದು, ಗಾಬರಿಯಾಗ್ಬೇಡಿ. ಯಾರೋ ಕೊಟ್ರು ಅಂತ ನಿದ್ದೆ ಮಾತ್ರೆ ನುಂಗ್ಬೇಡಿ." ಲಿವರಿನ ಮಾತು ನನ್ನ ಕಿವಿಗೆ ಬಿತ್ತು. ನಿದ್ದೆಯ ಮಾತನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನಿದ್ದೆಯಲ್ಲಿ ನನ್ನನ್ನು ಮೀರಿಸುವವರು ಊರಲ್ಲೇ ಇಲ್ಲವಲ್ಲ.

ಮನೆಗೆ ಬಂದ ರಾತ್ರಿಯೇ ಗೊತ್ತಾಯಿತು, ನನಗೆ ನಿದ್ದೆ ಮಾಡುವುದೇ ಬರುವುದಿಲ್ಲ ಅಂತ. ಜನ ಹೇಗೆ ಮಲಗುತ್ತಾರೆ ಅನ್ನುವುದು ನಿಜವಾಗಿ ಮರೆತುಹೋಗಿತ್ತು. ಬಲಕ್ಕೆ ಹೊರಳಿದರೆ ಎಡಗಾಲು ಎಳೆಯುತ್ತಿತ್ತು, ಎಡಕ್ಕೆ ಹೊರಳಿದರೆ ಬಲಗಾಲು. ಬೆವರಿಗೆ ದಿಂಬು ತೊಯ್ದು ಹೋಗುತ್ತಿತ್ತು. ಕಣ್ಣು ಮುಚ್ಚಿದರೆ ಗುಡ್ಡದ ತಿರುವುಗಳು ಒಂದಾದ ಮೇಲೊಂದು ಬರುತ್ತಿದ್ದವು, ನಾನು ಗೇರು ಬದಲಿಸುತ್ತಲೇ ಇರುತ್ತಿದ್ದೆ. ಒಂದು ಜೊಂಪು ಹತ್ತಿತು ಅಂದರೆ ಕುಡಿಯುವ ಕನಸು. ಎದ್ದಾಗ ಬಾಯಲ್ಲಿ ಬ್ರಾಂದಿಯ ರುಚಿ ಇದ್ದ ಹಾಗೇ ಇರುತ್ತಿತ್ತು. ಕುಡಿದೇಬಿಟ್ಟೆನೇನೋ ಅಂತ ಹೆದರಿ ಕೈಗೆ ಉಸಿರು ಬಿಟ್ಟು ಮೂಸಿ ನೋಡಿಕೊಳ್ಳುತ್ತಿದ್ದೆ.

ಬೆಳಿಗ್ಗೆ ಪರಮೇಶಪ್ಪನವರು ಎಂದಿನಂತೆ ಸ್ಕೂಟರಿನಿಂದಲೇ ಕೈ ಚಾಚಿದರು, ತಟ್ಟನೆ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಇಳಿದು ಬಂದು ಇನ್ನೊಮ್ಮೆ ಮುಟ್ಟಿದರು.

"ಏನಯ್ಯ ಇದು?"

"ಆಸ್ಪತ್ರೆಯಿಂದ ಬಂದ ಹೊಸದು, ಯಜಮಾನ್ರೆ. ನಾಳೆ ಸರಿಹೋಗುತ್ತೆ."

"ಸುಧಾರಿಸ್ಕೊ, ಸುಧಾರಿಸ್ಕೊ. ಬಸ್ಸೇನು ಓಡಿಹೋಗಲ್ಲ" ಅಂತ ಹೇಳಿ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಹೋದರು. ಇಟ್ಟಿಗೆ ಗೂಡಿನಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ ಕಾಂತರಾಜ ನಾನು ಆಸ್ಪತ್ರೆಯಲ್ಲಿದ್ದಾಗಿನ ಹಾಗೆ ಬದಲಿ ಡ್ರೈವರಾಗಿ ಮುಂದುವರಿದ.

ಮರುದಿನ ಸರಿಹೋಗಲಿಲ್ಲ. ಅದರ ಮರುದಿನವೂ ಇಲ್ಲ. ವಾರಗಳು ಹೋದವು. ನಮ್ಮ ಬೀದಿಗೋಡೆಗೆ ನಾಯಿಗಳು ಬಂದು ಸೇರಿಕೊಂಡವು, ಅವುಗಳ ಹಿಂದೆ ಬೆಕ್ಕುಗಳು. ಎದುರು ಮನೆಯವರ ಮೆಂತ್ಯದ ಪಲ್ಯ ಬಂತು, ಪಕ್ಕದ ಬೀದಿಯವರ ಹುಣಸೆ ಗೊಜ್ಜು ಬಂತು. ಬಂದವರು ಯಾಕೆ ಅಂತ ಕೇಳಲಿಲ್ಲ. ಆದರೆ ಅವರ ಮುಖದಲ್ಲಿ ಒಂದು ಗೊಂದಲ ಇತ್ತು. ನಾನು ಕುಡಿಯುವುದು ಊರಿಗೆ ಗೊತ್ತಿತ್ತು. ಬಿಟ್ಟದ್ದೂ ಗೊತ್ತಾಯಿತು. ಬಿಟ್ಟ ಮೇಲೆ ಮನುಷ್ಯ ಒಳ್ಳೆಯವನಾಗಬೇಕು, ಇವನೇನು ಹೀಗೆ ಕೆಟ್ಟ ಅನ್ನುವುದು ಅವರ ಗೊಂದಲ. ಪಡಿತರ ಅಂಗಡಿಯ ಸಾಲಿನಲ್ಲಿ ಒಬ್ಬಾಕೆ ನನ್ನ ಬೆನ್ನ ಹಿಂದೆಯೇ ಅಂದಳು, "ಕುಡೀತಿದ್ದಾಗ್ಲೇ ವಾಸಿ ಇತ್ತು ಕಣೇ. ಗೋಡೆ ತಣ್ಣಗಿರೋದು, ಮಕ್ಳನ್ನ ಧೈರ್ಯವಾಗಿ ಹತ್ತಿಸ್ತಿದ್ವಿ." ನನಗೂ ಹಾಗೇ ಅನ್ನಿಸಲು ಶುರುವಾಗಿತ್ತು.

ಬಸ್‌ಸ್ಟ್ಯಾಂಡಿನ ಹತ್ತಿರ ಸಿರಿಲಣ್ಣನ ಸೈಕಲ್ ಅಂಗಡಿ. ಸಿರಿಲಣ್ಣ ನನಗಿಂತ ಹಿರಿಯ, ತೆಳ್ಳನೆಯ ಮನುಷ್ಯ. ಅವನೂ ಕುಡಿತ ಬಿಟ್ಟವನು. ಬಿಟ್ಟ ವರ್ಷ ಇಡೀ ಮಳೆಗಾಲ ಅವನ ಗೋಡೆಗೆ ಬೀದಿಯವರೆಲ್ಲ ಶಾಲೆಯ ಯೂನಿಫಾರಂ ಒಣಗಿಸಿದ್ದರು ಅನ್ನುವ ಕಥೆ ಇದೆ. ಬಸ್ಸಿಲ್ಲದ ನನಗೆ ಮಧ್ಯಾಹ್ನ ಹೋಗಲು ಬೇರೆ ಜಾಗ ಇರಲಿಲ್ಲ. ಅವನು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಎಲ್ಲಿಂದ ಬರುತ್ತದೆ ಅಂತ ನೋಡುತ್ತಾ ಮಾತಾಡುತ್ತಿದ್ದ.

"ಮಧ್ಯಾಹ್ನ ಮಲಗ್ತಿಯಾ?"

"ಊಟ ಆದ ಮೇಲೆ ಒಂಚೂರು ಕಣ್ಣು ಎಳೆಯುತ್ತೆ, ಒರಗ್ತೀನಿ."

"ಒರಗ್ಬೇಡ. ಬಂದು ಇಲ್ಲಿ ಕೂತ್ಕೊ, ಸ್ಪೋಕ್ ಹಾಕು. ಕಾಫಿ?"

"ರಾತ್ರಿ ಊಟ ಆದ ಮೇಲೂ ಒಂದು ಲೋಟ."

"ಅಲ್ಲಿಗೆ ಮುಗೀತು. ಬೆಳಿಗ್ಗೆ ಒಂದು ಲೋಟ ಕುಡಿ, ಆಮೇಲೆ ಆ ಕಡೆ ತಿರುಗಿ ನೋಡ್ಬೇಡ. ಹಾಸಿಗೆ ಮೇಲೆ ಒದ್ದಾಡ್ತಿಯಲ್ಲ, ಅದನ್ನೂ ಬಿಡು. ನಿದ್ದೆ ಬರ್ಲಿಲ್ವಾ, ಎದ್ದು ಕೂತ್ಕೊಂಡು ಏನಾದ್ರೂ ಬೇಜಾರಿನ ಕೆಲಸ ಮಾಡು. ನಾನು ಕಡಲೆಕಾಯಿ ಸುಲೀತಿದ್ದೆ. ಮೂಟೆಗಟ್ಟಲೆ ಸುಲ್ದಿದೀನಿ. ಕಣ್ಣು ಎಳೆದಾಗ ಹೋಗಿ ಮಲಗು. ಎಷ್ಟೇ ಹೊತ್ತಿಗೆ ಮಲಗು, ಬೆಳಿಗ್ಗೆ ಏಳೋದು ಮಾತ್ರ ಅದೇ ಹೊತ್ತಿಗೆ ಏಳು."

"ಇಷ್ಟೆಲ್ಲ ಮಾಡಿದ್ರೆ ಬರುತ್ತಾ ಸಿರಿಲಣ್ಣ?"

"ಬರಲ್ಲ" ಅಂದ ಅವನು, ಟ್ಯೂಬನ್ನು ಒರೆಸುತ್ತಾ. "ಅಂದ್ರೆ, ತಕ್ಷಣಕ್ಕೆ ಬರಲ್ಲ. ನೀನು ಕರೆದಾಗ ಬರೋದು ಬಾಟ್ಲಿ. ನಿದ್ದೆ ಅದಾಗಿ ಅದು ಬರ್ಬೇಕು. ಅಲ್ಲೀವರೆಗೂ ನಿನ್ನನ್ನ ಏನಾದ್ರೂ ಒಂದು ಕೆಲಸಕ್ಕೆ ಹಚ್ಚಬೇಕಲ್ಲ."

ನಾನು ಅವನು ಹೇಳಿದ ಹಾಗೆ ಮಾಡಿದೆ. ಪಂಕಜ ಹುಣಸೆಹಣ್ಣು ತಂದು ಸುರಿದಳು, ನಾನು ಬೀಜ ಬಿಡಿಸಿದೆ. ಅವರೆಕಾಯಿ ಬಿಡಿಸಿದೆ. ಹಳೆಯ ಸ್ವೆಟರನ್ನು ಬಿಚ್ಚಿ ನೂಲಿನ ಉಂಡೆ ಮಾಡಿದೆ. ಕೆಲವು ರಾತ್ರಿ ಒಂದು ಗಂಟೆ ನಿದ್ದೆ ಬಂತು, ಕೆಲವು ರಾತ್ರಿ ಅದೂ ಇಲ್ಲ. ಗೋಡೆ ಬೆಚ್ಚಗೇ ಇತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಪರಮೇಶಪ್ಪನವರು ಮನೆಯೊಳಗೆ ಬಂದು ಕೂತರು. ಪಂಕಜ ಕೊಟ್ಟ ಮಜ್ಜಿಗೆಯ ಲೋಟವನ್ನು ಕೈಯಲ್ಲೇ ತಿರುಗಿಸುತ್ತಾ ಅಂದರು, "ಕಾಂತರಾಜ ಕೇಳ್ತಿದಾನೆ ಚೆಲುವ, ಖಾಯಂ ಮಾಡ್ತೀರಾ, ಇಲ್ಲ ಗೂಡಿಗೆ ವಾಪಸ್ ಹೋಗ್ಲಾ ಅಂತ. ನಾನು ಎಷ್ಟು ದಿನ ಅಂತ ಅವನನ್ನ ನೇತಾಡಿಸ್ಲಿ? ದೀಪಾವಳಿ ಒಳಗೆ ನಿನ್ನ ಗೋಡೆ ತಣ್ಣಗಾದ್ರೆ ಬಸ್ಸು ನಿಂದು. ಆಗ್ಲಿಲ್ಲ ಅಂದ್ರೆ ನನ್ನ ಮೇಲೆ ಬೇಜಾರು ಮಾಡ್ಕೋಬೇಡ."

ಬಸ್ಸು ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ. ಊರಿನಲ್ಲಿ ನಾನು ಯಾರು ಅಂತ ಕೇಳಿದರೆ ಬಸ್ ಚೆಲುವ ಅಂತಲೇ ಹೇಳುತ್ತಾರೆ. ಅವರು ಹೋದ ಮೇಲೆ ನಾನು ಒಂದು ಉಪಾಯ ಮಾಡಿದೆ. ಎಚ್ಚರವಿರುವವನು ಗೋಡೆಯ ಹತ್ತಿರ ಇದ್ದರೆ ತಾನೆ ಗೋಡೆ ಕಾಯುವುದು? ಆ ರಾತ್ರಿ ಚಾಪೆ ತೆಗೆದುಕೊಂಡು ಹೋಗಿ ಹಿತ್ತಿಲ ಸೀಬೆಗಿಡದ ಕೆಳಗೆ, ಯಾವ ಗೋಡೆಯೂ ಹತ್ತಿರವಿಲ್ಲದ ಕಡೆ ಮಲಗಿದೆ. ಮಲಗಿದೆ ಅನ್ನುವುದು ಮಾತಿಗೆ. ಬೆಳಕು ಹರಿಯುವವರೆಗೂ ಕಣ್ಣು ತೆರೆದೇ ಇತ್ತು.

ಬೆಳಿಗ್ಗೆ ಪಂಕಜ ಬಾಗಿಲಲ್ಲಿ ನಿಂತು ನಾನು ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ನೋಡಿದಳು. "ಬೇಡ ರೀ" ಅಂದಳು, ಅಷ್ಟೆ. ಹೊರಗೆ ಪರಮೇಶಪ್ಪನವರು ತಣ್ಣನೆಯ ಗೋಡೆ ಮುಟ್ಟಿ ಖುಷಿಯಲ್ಲಿ ಸ್ಕೂಟರಿನ ಹಾರ್ನ್ ಬಾರಿಸುತ್ತಿದ್ದರು.

ಸ್ಟೀರಿಂಗ್ ಮುಟ್ಟಿದಾಗ ಮನೆಗೆ ಬಂದ ಹಾಗಾಯಿತು. ಬಸ್ಸು ತುಂಬಿತ್ತು. ಸಂತೆಗೆ ಸೊಪ್ಪಿನ ಕಟ್ಟು ಹೊತ್ತ ಹೆಂಗಸರು, ಶಾಲೆಯ ಮಕ್ಕಳು, ಆಸ್ಪತ್ರೆಗೆ ಹೊರಟ ಒಬ್ಬ ಬಸುರಿ. ಎಲ್ಲರೂ ನನ್ನನ್ನು ನೋಡಿ ನಕ್ಕರು. ಕೆರೆ ಏರಿ ಹತ್ತುವವರೆಗೆ ಏನೂ ತೊಂದರೆ ಇರಲಿಲ್ಲ. ಏರಿಯ ಮೇಲೆ ರಸ್ತೆ ನೇರ, ನೀರಿನಿಂದ ತಂಗಾಳಿ, ಎಳೆಬಿಸಿಲು. ಕಣ್ಣು ಮುಚ್ಚಿದ್ದು ನನಗೆ ನೆನಪಿಲ್ಲ. ತೆರೆದದ್ದು ನೆನಪಿದೆ. ಎಡಗಡೆಯ ಗಾಜಿನಲ್ಲಿ ರಸ್ತೆ ಇರಲಿಲ್ಲ, ಬರೀ ನೀರಿತ್ತು, ಏರಿಯ ಕಾವಲುಗಲ್ಲುಗಳು ಚಕ್ರಕ್ಕೆ ತಾಗುವಷ್ಟು ಹತ್ತಿರ ಬಂದಿದ್ದವು. ಸ್ಟೀರಿಂಗನ್ನು ಎಳೆದು ಬ್ರೇಕ್ ಒತ್ತಿದೆ. ಸೊಪ್ಪಿನ ಕಟ್ಟುಗಳು ಉರುಳಿ ಮುಂದಕ್ಕೆ ಬಂದವು. ಯಾರಿಗೂ ಏನೂ ಆಗಲಿಲ್ಲ. "ಎಮ್ಮೆ ಅಡ್ಡ ಬಂತೇನಣ್ಣ?" ಅಂತ ಹಿಂದಿನಿಂದ ಯಾರೋ ಕೇಳಿದರು.

ನಾನು ಎಂಜಿನ್ ಆರಿಸಿ, ಕೀಲಿ ತೆಗೆದುಕೊಂಡು ಕೆಳಗಿಳಿದೆ. ಒಂದು ಕಾವಲುಗಲ್ಲಿನ ಮೇಲೆ ಕೂತೆ. ಸೈಕಲ್ಲಿನಲ್ಲಿ ಬರುತ್ತಿದ್ದ ಹಾಲಿನವನನ್ನು ನಿಲ್ಲಿಸಿ ಪರಮೇಶಪ್ಪನವರಿಗೆ ಹೇಳಿ ಕಳಿಸಿದೆ. ಅವರು ಕಾಂತರಾಜನನ್ನು ಹಿಂದೆ ಕೂರಿಸಿಕೊಂಡು ಬಂದರು. ನಾನು ಕೀಲಿ ಕೊಟ್ಟು ನಡೆದದ್ದನ್ನು ಹೇಳಿದೆ. ರಾತ್ರಿ ಎಲ್ಲಿ ಮಲಗಿದ್ದೆ ಅನ್ನುವುದನ್ನೂ ಹೇಳಿದೆ.

ಪರಮೇಶಪ್ಪನವರು ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಬಸ್ಸಿನ ಕಿಟಕಿಗಳಲ್ಲಿ ಕಾಣುತ್ತಿದ್ದ ಮಕ್ಕಳನ್ನೇ ನೋಡುತ್ತಿದ್ದರು. ಆಮೇಲೆ, "ಮನೆಗೆ ನಡಿ ಚೆಲುವ" ಅಂದರು. "ಬಿಸಿಲಾಗ್ತಿದೆ."

ನಾನು ಮನೆಗೆ ಹೋಗಲಿಲ್ಲ. ಏರಿ ಇಳಿದು, ಬಳಸು ದಾರಿಯಲ್ಲಿ ಸುತ್ತಿ ಸುತ್ತಿ, ಸಂಜೆ ಮುಂದೆ ಬ್ರಾಂದಿ ಅಂಗಡಿಯ ಮುಂದೆ ಬಂದು ನಿಂತೆ. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಆಸೆ ಅಲ್ಲ. ಅದೊಂದು ಸೀದಾ ಸಾದಾ ಯೋಚನೆ. ಕುಡಿಯದ ನಾನು ಬಸ್ಸಿನ ತುಂಬ ಜನರನ್ನು ಕೆರೆಗೆ ಹಾಕುತ್ತಿದ್ದೆ. ಕುಡಿಯುತ್ತಿದ್ದ ನಾನು ಇಷ್ಟು ವರ್ಷ ಒಂದು ಕೋಳಿಗೂ ಗಾಲಿ ತಾಗಿಸಿರಲಿಲ್ಲ. ಹಾಗಾದರೆ ಯಾವನು ವಾಸಿ? ಡಾಕ್ಟರಮ್ಮ ಹೇಳಿದ ಲಿವರು ನನ್ನೊಬ್ಬನದು. ಬಸ್ಸಿನಲ್ಲಿ ಊರೇ ಇರುತ್ತದೆ. ಹೀಗೆ ಯೋಚಿಸಿ, ಒಂದು ಕ್ವಾರ್ಟರ್ ಬಾಟಲಿ ಕೊಂಡು, ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಮನೆಯ ಕಡೆ ನಡೆದೆ. ಮನಸ್ಸು ಎಷ್ಟೋ ದಿನಗಳ ಮೇಲೆ ಹಗುರವಾಗಿತ್ತು.

ಮನೆಯ ಜಗುಲಿಯ ಮುಂದೆ ತಾಯಮ್ಮಕ್ಕ ನಿಂತಿದ್ದರು. ನಮ್ಮ ಹಿಂದಿನ ಮನೆಯವರು. ಅವರ ಅಂಗಳಕ್ಕೂ ನಮ್ಮ ಅಡುಗೆಮನೆಯ ಕಡೆಯ ಗೋಡೆಗೂ ನಡುವೆ ಒಂದು ಸಣ್ಣ ಓಣಿ ಮಾತ್ರ. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಇಡ್ಲಿ ಮಾರುತ್ತಾರೆ. ಸೊಂಟದ ಮೇಲೆ ಒಂದು ದೊಡ್ಡ ಪಾತ್ರೆ ಇತ್ತು, ಮೇಲೆ ತಟ್ಟೆ ಮುಚ್ಚಿತ್ತು.

"ನಿನ್ನೇ ಕಾಯ್ತಿದ್ದೆ ಕಣಪ್ಪ" ಅಂದರು. "ಇವತ್ತಿಂದ ಈ ಹಿಟ್ಟಿನ ಪಾತ್ರೇನ ನಿಮ್ಮ ಜಗುಲಿ ಮೇಲೆ, ಈ ಗೋಡೆಗೆ ಆನಿಸಿ ಇಡ್ಲಾ? ಚಳಿ ಶುರುವಾಯ್ತು, ಹಿಟ್ಟು ಉಬ್ತಾನೇ ಇಲ್ಲ."

"ಇಡಿ ಅಕ್ಕ, ಅದಕ್ಕೇನು. ಹೋದ ವರ್ಷ ಚಳೀಲಿ ಏನ್ ಮಾಡ್ತಿದ್ರಿ?"

"ಹೋದ ವರ್ಷ ನಿಮ್ಮ ಹಿಂದ್ಗಡೆ ಗೋಡೆ ಇತ್ತಲ್ಲ."

ನನಗೆ ಅರ್ಥವಾಗಲಿಲ್ಲ. "ಹಿಂದ್ಗಡೆ ಗೋಡೆ?"

"ಅದೇ, ಅಡುಗೆಮನೆ ಪಕ್ಕದ ಕೋಣೇದು. ನಾನು ಇಡ್ಲಿ ವ್ಯಾಪಾರ ಶುರು ಮಾಡಿದ್ದೇ ಆ ಗೋಡೆ ನಂಬ್ಕೊಂಡು. ಮಾಗಿ ಚಳೀಲೂ ಹಿಟ್ಟು ಉಬ್ಬಿ ತಟ್ಟೆ ಎತ್ತಿ ಹಾಕೋದು. ನೀನು ಆಸ್ಪತ್ರೆಯಿಂದ ಬಂದ್ಮೇಲೆ ಒಂದೊಂದೇ ದಿನ ಕಾವು ಇಳೀತಾ ಬಂತು ನೋಡು, ಈಗ ಪೂರ್ತಿ ತಣ್ಣಗಾಗಿದೆ. ನಮ್ಮ ಇಡ್ಲಿ ಕಲ್ಲಾಗಿದೆ."

"ಆ ಕೋಣೇಲಿ ಪಂಕಜ ಅಲ್ವಾ ಮಲಗೋದು?"

"ಇನ್ಯಾರು ಮತ್ತೆ?"

"ಇಷ್ಟು ವರ್ಷ ಅವಳು ಮಲಗ್ತಾನೇ ಇರ್ಲಿಲ್ವಾ?"

ತಾಯಮ್ಮಕ್ಕ ಪಾತ್ರೆಯನ್ನು ಜಗುಲಿಯ ಮೇಲೆ ಇಳಿಸಿ ಸೆರಗಿನಿಂದ ಕೈ ಒರೆಸಿಕೊಂಡರು. ಹೇಳಬಾರದ್ದನ್ನು ಹೇಳಿಬಿಟ್ಟೆ ಅನ್ನುವುದು ಅವರಿಗೆ ಆಗ ಹೊಳೆಯಿತು. "ಬೆಳಗಿನ ಜಾವ ಒಂಚೂರು ಮಲಗ್ತಿದ್ಲೇನೋ. ನಂಗೇನು ಗೊತ್ತಪ್ಪ. ಬೆಚ್ಚಗಿದ್ರೆ ಯಾಕೆ ಅಂತ ಕೇಳೋ ಹಂಗಿಲ್ವಲ್ಲ ನಮ್ಮೂರಲ್ಲಿ." ಪಾತ್ರೆಯ ಮೇಲಿನ ತಟ್ಟೆ ಸರಿಮಾಡುತ್ತಾ, "ಕೇಳ್ಬೋದಿತ್ತು" ಅಂದರು. "ಹಿಟ್ಟು ಉಬ್ತಿತ್ತಲ್ಲ, ಸುಮ್ನಿದ್ದೆ."

ದಿನಾ ಬೆಳಿಗ್ಗೆ ತಾಯಮ್ಮಕ್ಕನ ಮನೆಯಿಂದ ನಮಗೆ ಒಂದು ತಟ್ಟೆ ಇಡ್ಲಿ ಬರುತ್ತಿತ್ತು. ನಾನು ಅದನ್ನು ತಿಂದೇ ಬಸ್ಸು ಹತ್ತುತ್ತಿದ್ದೆ. ನೆರೆಮನೆಯವರ ಪ್ರೀತಿ ಅಂದುಕೊಂಡಿದ್ದೆ.

ಒಳಗೆ ಹೋದೆ. ದೀಪ ಹಚ್ಚಿರಲಿಲ್ಲ. ಪಂಕಜ ಹಿಂದಿನ ಕೋಣೆಯ ಬಾಗಿಲಿಗೆ ಒರಗಿ ನಿದ್ದೆ ಹೋಗಿದ್ದಳು. ಮಡಿಲಲ್ಲಿ ಮೊರ ಇತ್ತು, ಮೊರದಲ್ಲಿ ಅರ್ಧ ಆರಿಸಿದ ಅಕ್ಕಿ. ಬಾಯಿ ಸ್ವಲ್ಪ ತೆರೆದಿತ್ತು. ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆದದ್ದು ಅವಳ ಕಿವಿಗೆ ಬಿದ್ದಿರಲೇಬೇಕು, ದಿನವೆಲ್ಲ ನನ್ನ ದಾರಿ ಕಾದಿರಬೇಕು. ಆದರೂ ನಿದ್ದೆ ಬಂದಿತ್ತು. ನಮ್ಮ ಮದುವೆಯಾದಾಗಿನಿಂದ ನಾನು ಅವಳು ನಿದ್ದೆ ಮಾಡುವುದನ್ನು ನೋಡಿದ ನೆನಪೇ ನನಗಿರಲಿಲ್ಲ. ರಾತ್ರಿ ಅವಳಿಗಿಂತ ಮುಂಚೆ ನಾನು ಬೀಳುತ್ತಿದ್ದೆ, ಬೆಳಿಗ್ಗೆ ನನಗಿಂತ ಮುಂಚೆ ಅವಳು ಏಳುತ್ತಿದ್ದಳು. ಅವಳ ಹುಬ್ಬಿನ ನಡುವೆ ಒಂದು ಗೆರೆ ಯಾವಾಗಲೂ ಇರುತ್ತದೆ, ಅದು ಅವಳ ಮುಖದ ಲಕ್ಷಣವೇ ಅಂದುಕೊಂಡಿದ್ದೆ. ಈಗ ಅದು ಇರಲಿಲ್ಲ.

ನಾನು ಚೀಲ ಹಿಡಿದು ಸದ್ದಾಗದ ಹಾಗೆ ಹೊರಗೆ ಬಂದು ಮತ್ತೆ ಬ್ರಾಂದಿ ಅಂಗಡಿಗೆ ಹೋದೆ.

"ವಾಪಸ್ ತಗೊಳ್ಳೋ ಪದ್ಧತಿ ಇಲ್ಲಣ್ಣ ನಮ್ಮಲ್ಲಿ" ಅಂದ ಅಂಗಡಿಯವನು.

"ದುಡ್ಡು ಬೇಡ. ಬಾಟ್ಲಿ ಇಟ್ಕೊ."

"ಮತ್ತೆ ತಗೊಂಡಿದ್ಯಾಕೆ?"

"ನಿದ್ದೆ ಬರ್ಲಿ ಅಂತ."

"ಬೇರೆ ಬ್ರಾಂಡ್ ಕೊಡ್ಲಾ?" ಅಂತ ಅವನು ನಿಜವಾದ ಕಳಕಳಿಯಿಂದ ಕೇಳಿದ. ನಾನು ಬೇಡ ಅಂದೆ. ಅವನು ತಲೆ ಕೆರೆದುಕೊಂಡು ಬಾಟಲಿಯನ್ನು ಕಪಾಟಿನಲ್ಲಿ ಅದರ ಜೊತೆಯವುಗಳ ಪಕ್ಕ ಇಟ್ಟ.

ಮರುದಿನ ಪರಮೇಶಪ್ಪನವರ ಮನೆಗೆ ಹೋಗಿ ಕಾಂತರಾಜನನ್ನು ಖಾಯಂ ಮಾಡಿ ಅಂತ ನಾನೇ ಹೇಳಿದೆ. ಅವರು ಶೆಡ್ಡಿನಲ್ಲಿ ಬಸ್ಸು ತೊಳೆಯುವುದು, ಗ್ರೀಸ್ ಹಾಕುವುದು, ಟೈರು ನೋಡಿಕೊಳ್ಳುವುದು ಮಾಡುತ್ತೀಯಾ ಅಂತ ಕೇಳಿದರು. ಒಪ್ಪಿಕೊಂಡೆ. ಮೊದಲ ಕೆಲವು ದಿನ ನಾನು ಓಡಿಸುತ್ತಿದ್ದ ಬಸ್ಸಿನ ಗಾಲಿಯನ್ನು ನಾನೇ ಬಗ್ಗಿ ಉಜ್ಜುವುದು ಅವಮಾನ ಅನ್ನಿಸಿತು. ಆಮೇಲೆ ಅಭ್ಯಾಸವಾಯಿತು. ಕಾಂತರಾಜ ಕೀಲಿ ಕೊಡುವಾಗ, "ಮೂರನೇ ಗೇರು ಯಾಕೋ ಕಚ್ತಿದೆ, ಒಂಚೂರು ನೋಡ್ತೀರಾ ಅಣ್ಣ" ಅನ್ನುತ್ತಿದ್ದ. ನೋಡುತ್ತಿದ್ದೆ.

ಪಂಕಜಳನ್ನು ನಾನು ಏನೂ ಕೇಳಲಿಲ್ಲ. ಕೇಳಬೇಕು ಅಂತ ಬಾಯಿ ತೆರೆದಾಗಲೆಲ್ಲ, ನಿದ್ದೆ ಬಾರದೆ ಅಷ್ಟು ವರ್ಷ ಅವಳು ಮನಸ್ಸಿನಲ್ಲಿ ನನ್ನನ್ನು ಏನೇನು ಅಂದುಕೊಂಡಿದ್ದಳೋ ಅನ್ನುವ ಹೆದರಿಕೆಯಾಗುತ್ತಿತ್ತು. ಬಡತನ, ಮಕ್ಕಳಿಲ್ಲದ್ದು, ನಾನು. ಕಾರಣಕ್ಕೇನು ಕಡಿಮೆ? ರಾತ್ರಿ ನಾನು ಮುಂದಿನ ಕೋಣೆಯಲ್ಲಿ ಕೂತು ಹುಣಸೆಬೀಜ ತೆಗೆಯುತ್ತಿದ್ದರೆ ಅವಳು ಹಿಂದಿನ ಕೋಣೆಯಲ್ಲಿ ಮಲಗಿರುತ್ತಿದ್ದಳು. ಈ ಮನೆಯಲ್ಲಿ ಒಬ್ಬರಿಗೆ ಮಾತ್ರ ನಿದ್ದೆ ಇರುವುದಾದರೆ ಈಗ ಅವಳ ಸರದಿ ಅಂತ ಅಂದುಕೊಂಡು ಕೂತಿರುತ್ತಿದ್ದೆ. ಹಾಗೆ ಅಂದುಕೊಂಡಾಗ ರಾತ್ರಿ ಸ್ವಲ್ಪ ಬೇಗ ಸರಿಯುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಪಂಕಜಳ ಅಕ್ಕನ ಮೊಮ್ಮಗುವಿಗೆ ನಾಮಕರಣ ಬಂತು. ಅವರ ಊರು ಗುಡ್ಡದ ಆಚೆ, ನಮ್ಮ ಬಸ್ಸಿನ ದಾರಿಯಲ್ಲೇ. ಇಬ್ಬರೂ ಹೊರಟೆವು. ನಮ್ಮ ಬಸ್ಸಿನಲ್ಲಿ ಅವಳು ಎಷ್ಟೋ ಸಲ ಹೋಗಿದ್ದಾಳೆ, ಆದರೆ ಆಗೆಲ್ಲ ನಾನು ಮುಂದೆ ಸ್ಟೀರಿಂಗ್ ಹಿಡಿದಿರುತ್ತಿದ್ದೆ, ಅವಳು ಹೆಂಗಸರ ಸೀಟಿನಲ್ಲಿ. ಪಕ್ಕಪಕ್ಕ ಕೂತದ್ದು ಅದೇ ಮೊದಲು. ಅವಳು ಕಿಟಕಿಯ ಕಡೆ ಕೂತಳು. ಮಡಿಲಲ್ಲಿ ಮಗುವಿಗೆ ತಂದ ಬಟ್ಟೆಯ ಪೊಟ್ಟಣ.

ಕೆರೆ ಏರಿ ಬಂದಾಗ ನನ್ನ ಬಲಗಾಲು ತಾನಾಗಿಯೇ ಬಸ್ಸಿನ ನೆಲವನ್ನು ಒತ್ತಿತು. ಗುಡ್ಡದ ಮೊದಲ ತಿರುವಿನಲ್ಲಿ ಮತ್ತೆ ಒತ್ತಿತು. ಪಂಕಜ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟಳು. "ಬ್ರೇಕ್ ಅವನು ಹಾಕ್ತಾನೆ, ನೀವು ಸುಮ್ನೆ ಕೂತ್ಕೊಳಿ" ಅಂದಳು. ಎರಡನೆಯ ತಿರುವಿನಲ್ಲಿ ಕಾಂತರಾಜ ಗೇರು ಇಳಿಸಿದ್ದು ಕೇಳಿಸಿತು. ಸರಿಯಾದ ಜಾಗದಲ್ಲೇ ಇಳಿಸಿದ ಅಂದುಕೊಂಡೆ. ಮೂರನೆಯ ತಿರುವು ನನಗೆ ಗೊತ್ತಿಲ್ಲ.

ಎಚ್ಚರವಾದಾಗ ಬಸ್ಸು ನಿಂತಿತ್ತು. ಒಳಗೆ ಯಾರೂ ಇರಲಿಲ್ಲ. ನನ್ನ ತಲೆ ಪಂಕಜಳ ಹೆಗಲ ಮೇಲಿತ್ತು, ಅವಳ ಸೆರಗಿನ ಅಂಚು ನನ್ನ ಕೆನ್ನೆಯಲ್ಲಿ ಅಚ್ಚಾಗಿತ್ತು. ಹೊರಗೆ ಪೇಟೆಯ ಬಸ್‌ನಿಲ್ದಾಣದ ಆಲದ ಮರದ ಕೆಳಗೆ ಕಾಂತರಾಜ ಬುತ್ತಿ ಬಿಚ್ಚಿಕೊಂಡು ಊಟ ಮಾಡುತ್ತಿದ್ದ.

"ನಿಮ್ಮಕ್ಕನ ಊರು?"

"ಆಗ್ಲೇ ಹೋಯ್ತು."

"ಎಬ್ಬಿಸೋದಲ್ವಾ? ನಾಮಕರಣ?"

"ಹೆಸರು ಅವರೇ ಇಟ್ಕೋತಾರೆ ಬಿಡಿ" ಅಂದಳು ಪಂಕಜ. ಹೆಗಲನ್ನು ಮೆಲ್ಲಗೆ ಆಡಿಸಿಕೊಂಡಳು, ಜೋಮು ಹಿಡಿದಿತ್ತು ಅಂತ ಕಾಣುತ್ತದೆ. "ಕಾಂತರಾಜ ಸ್ಟಾಪಲ್ಲಿ ನಿಲ್ಸಿ ಹಿಂದೆ ತಿರುಗಿ ನೋಡ್ದ. ನಾನೇ ಹೋಗು ಅಂತ ಕೈ ಮಾಡ್ದೆ."

ಇಳಿದು ನಿಲ್ದಾಣದ ಹೋಟೆಲಿನಲ್ಲಿ ಟೀ ತೆಗೆದುಕೊಂಡೆವು. ವಾಪಸ್ ಬಸ್ಸಿಗೆ ಇನ್ನೂ ಹೊತ್ತಿತ್ತು. ಆ ಒಂದು ನಿದ್ದೆಯಿಂದ ಎಲ್ಲ ಸರಿಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಆ ರಾತ್ರಿಯೂ ಆಮೇಲಿನ ಎಷ್ಟೋ ರಾತ್ರಿಗಳೂ ನಾನು ಹುಣಸೆಹಣ್ಣಿನ ಮುಂದೆ ಕೂತಿದ್ದೇನೆ. ನಿದ್ದೆ ಕಾಲು ಗಂಟೆ, ಅರ್ಧ ಗಂಟೆ ಅಂತ ಹೆಚ್ಚುತ್ತಾ ಬಂತು. ಪರಮೇಶಪ್ಪನವರು ಎರಡನೆಯ ಬಸ್ಸು ತಂದು ಅದರ ಮಧ್ಯಾಹ್ನದ ಟ್ರಿಪ್ಪು ನನಗೆ ಕೊಟ್ಟದ್ದು ಮುಂದಿನ ವರ್ಷ. ಆದರೆ ನಿದ್ದೆ ಅಂದರೆ ಏನು ಅಂತ ನನ್ನ ಮೈಗೆ ನೆನಪಾದದ್ದು ಆ ದಿನ, ಆ ಬಸ್ಸಿನಲ್ಲಿ. ತಲೆಯೊಳಗೆ ತೊಳೆದು ಒಣಗಿಸಿಟ್ಟ ಹಾಗೆ ಇತ್ತು. ಅದರ ಧೈರ್ಯದಲ್ಲೇ ನಾನು ಕೇಳಿದೆ.

"ತಾಯಮ್ಮಕ್ಕ ಹೇಳಿದ್ರು. ನಿನ್ನ ಗೋಡೆ ಅಷ್ಟು ವರ್ಷ ಬೆಚ್ಚಗಿತ್ತಂತೆ."

ಅವಳು ಟೀಯ ಲೋಟದೊಳಗೆ ನೋಡಿದಳು. "ಹೇಳಿದ್ರಾ."

"ಏನು ಯೋಚನೆ ಮಾಡ್ತಿದ್ದೆ?"

"ಯೋಚನೆ ಏನಿಲ್ಲ. ನೀವು ಗೊರಕೆ ಹೊಡೀತಿದ್ರಿ."

"ಅಷ್ಟು ಜೋರಾಗಾ? ನಿದ್ದೆ ಕೆಡೋ ಅಷ್ಟು?"

"ಜೋರಿಗಲ್ಲ ರೀ. ಅದು ಅಭ್ಯಾಸವಾಗಿತ್ತು. ಕುಡಿದು ಮಲಗಿದಾಗ ಗೊರಕೆ ನಡುವಲ್ಲಿ ನಿಂತುಹೋಗೋದು. ಉಸಿರೇ ಇರ್ತಿರ್ಲಿಲ್ಲ. ನಾನು ಅಲ್ಲಿಂದ ಕಿವಿ ಕೊಟ್ಟು ಕೇಳ್ತಿದ್ದೆ, ಮುಂದಿನ ಉಸಿರು ಬರುತ್ತೋ ಇಲ್ವೋ ಅಂತ. ಬರೋದು. ಮತ್ತೆ ನಿಲ್ಲೋದು. ಮತ್ತೆ ಕಾಯ್ತಿದ್ದೆ. ಹಂಗೇ ಬೆಳಗಾಗೋದು."

ಆಲದ ಮರದ ಕೆಳಗೆ ಕಾಂತರಾಜ ಕೈ ತೊಳೆದು ಬಸ್ಸು ಹತ್ತಿ ಹಾರ್ನ್ ಮಾಡಿದ. ಪಂಕಜ ಪೊಟ್ಟಣ ಎತ್ತಿಕೊಂಡು ಎದ್ದಳು. ಮುಂದೆ ಹೆಜ್ಜೆ ಹಾಕುತ್ತಾ, ತಿರುಗದೆಯೇ ಅಂದಳು:

"ಇವತ್ತೂ ಗೊರಕೆ ಹೊಡೆದ್ರಿ. ಬಸ್ಸಿನೋರೆಲ್ಲ ನಕ್ರು. ದಾರಿ ಉದ್ದಕ್ಕೂ ಕೇಳಿಸ್ಕೋತಾನೇ ಇದ್ದೆ, ಒಂದ್ಸಲಾನೂ ನಿಲ್ಲಲಿಲ್ಲ."